ಮುಷ್ಟಿಮಲ್ಲನ ಮುಪ್ಪು

ವಯಸ್ಸಾದ ಮಲ್ಲನೊಬ್ಬ ಮತ್ತೆ ಕಣಕ್ಕಿಳಿಯುತ್ತೇನೆಂದರೆ ಕೇಳಿದವರಿಗೆ ಮೊದಲು ನಗು ಬರುತ್ತದೆ, ಆಮೇಲೆ ಭಯ. ಮುಷ್ಟಿಯುದ್ಧವನ್ನು ಕುರಿತ ಅಮೆರಿಕದ ‘ರಾಕಿ’ ಚಿತ್ರಮಾಲೆಯ ಆರನೆಯ ಚಿತ್ರ, 2006ರ ‘ರಾಕಿ ಬಾಲ್ಬೋವಾ’, ಇವೆರಡನ್ನೂ ಮುಚ್ಚಿಡುವುದಿಲ್ಲ. 1976ರಲ್ಲಿ ಮೊದಲ ಚಿತ್ರವನ್ನು ಬರೆದು ನಟಿಸಿದ್ದ ಸಿಲ್ವೆಸ್ಟರ್ ಸ್ಟಲೋನರಿಗೆ ಈ ವೇಳೆಗೆ 60 ತುಂಬಿತ್ತು.

ಕಥಾನಾಯಕ ರಾಕಿ ಫಿಲಡೆಲ್ಫಿಯಾದಲ್ಲಿ ಊಟದ ಮನೆ ನಡೆಸುತ್ತಾನೆ. ಅದಕ್ಕಿಟ್ಟಿರುವುದು ತೀರಿಹೋದ ಹೆಂಡತಿಯ ಹೆಸರು. ಬಂದವರಿಗೆಲ್ಲ ತನ್ನ ಹಳೆಯ ಕಾಳಗಗಳ ಕಥೆ ಹೇಳುತ್ತಾನೆ. (ಮೇಷ್ಟರುಗಳಿಗೂ ಈ ಚಾಳಿ ಇಲ್ಲದಿಲ್ಲ!) ಅಂಥವನಿಗೆ ಮತ್ತೆ ಸೆಣಸುವ ಮನಸ್ಸಾಗುತ್ತದೆ. ತರಬೇತುದಾರ ಅವನನ್ನು ಹೊಗಳಿ ಉಬ್ಬಿಸುವುದಿಲ್ಲ. ಕುತ್ತಿಗೆಯಲ್ಲಿ ಸಂಧಿವಾತ, ಕೀಲುಗಳಲ್ಲಿ ಸುಣ್ಣ ಕಟ್ಟಿದೆ. ಚುರುಕು ಇನ್ನು ಬಾರದು. ಉಳಿದಿರುವುದು ಏಟಿನ ಭಾರವೊಂದೇ, ಅದನ್ನೇ ಬೆಳೆಸೋಣ ಎನ್ನುತ್ತಾನೆ. ಇಡೀ ಚಿತ್ರದಲ್ಲಿ ನನಗೆ ಹಿಡಿಸಿದ್ದು ಈ ಲೆಕ್ಕಾಚಾರ. ಹೋದದ್ದು ಹೋಯಿತೆಂದು ಒಪ್ಪಿದ ಮೇಲೆಯೇ ಅಲ್ಲಿ ಸಾಧನೆ ಮೊದಲಾಗುತ್ತದೆ.

ಕಥೆಯಲ್ಲಿ ಏನು ಬೇಕಾದರೂ ನಡೆದೀತು ಎನ್ನುವಿರಾ? ಜಾರ್ಜ್ ಫೋರ್ಮನ್ ನಿಜವಾದ ಮುಷ್ಟಿಮಲ್ಲ. 1974ರಲ್ಲಿ ಮಹಮ್ಮದ್ ಅಲಿಗೆ ಸೋತು ಕಳೆದುಕೊಂಡ ಹೆವಿವೇಟ್ ಪಟ್ಟವನ್ನು 1994ರಲ್ಲಿ, ತನ್ನ 45ನೆಯ ವಯಸ್ಸಿನಲ್ಲಿ, ಮತ್ತೆ ಗೆದ್ದ. ಒಂಬತ್ತು ಸುತ್ತು ಏಟು ತಿಂದು, ಹತ್ತನೆಯದರಲ್ಲಿ ಎಳೆಯ ಎದುರಾಳಿಯನ್ನು ಬಲಗೈ ಏಟಿನಿಂದ ಕೆಡವಿದ.

ರಾಕಿಗೆ ಆ ಭಾಗ್ಯವಿಲ್ಲ. ಹತ್ತು ಸುತ್ತೂ ನಿಂತು ಕಾದುತ್ತಾನೆ. ತೀರ್ಪುಗಾರರಲ್ಲಿ ಒಮ್ಮತವಿಲ್ಲದೆ ಎದುರಾಳಿ ಡಿಕ್ಸನನಿಗೆ ಜಯ. ಅದನ್ನು ಸಾರುವ ಹೊತ್ತಿಗೆ ಮುದುಕ ಕಣದಿಂದಿಳಿದು ಜನರ ನಡುವೆ ನಡೆದು ಹೋಗುತ್ತಿರುತ್ತಾನೆ.