ಹಳೇ ರ‍್ಯಾಮ್, ಹೊಸ ಪ್ರೊಸೆಸರ್: ದುಡ್ಡು ಕೊಡೋ ಮುಂಚೆ ಏನು ನೋಡಬೇಕು?

ಇವತ್ತು ಒಂದೇ ಪ್ರಶ್ನೆ ತಗೊಳ್ಳೋಣ. ಮನೆಯಲ್ಲಿರೋ ಹಳೇ ರ‍್ಯಾಮ್ ಹೊಸ ಪ್ರೊಸೆಸರ್ ಜೊತೆ ಕೆಲಸ ಮಾಡುತ್ತಾ?

ಪುಣೆಯಲ್ಲಿ ನನ್ನ ಜೊತೆ ಕೆಲಸ ಮಾಡೋ ಹುಬ್ಬಳ್ಳಿಯ ಗೆಳೆಯರೊಬ್ಬರು ಇದನ್ನ ಕೇಳಿದರು. ಅವರ ಡೆಸ್ಕ್‌ಟಾಪಲ್ಲಿ ಐ5-6500 ಇದೆ, 8 ಜಿಬಿಯ ಎರಡು ಸ್ಟಿಕ್ ಇವೆ. ಮಗಳ ಓದಿಗೂ ಅವರ ಕೆಲಸಕ್ಕೂ ಅದೊಂದೇ ಮಷೀನ್, ಈಗ ಸಾಲುತ್ತಿಲ್ಲ. ಇರೋ ದುಡ್ಡು ಪ್ರೊಸೆಸರ್ ಮತ್ತು ಬೋರ್ಡಿಗೆ ಮಾತ್ರ ಸಾಕಾಗುತ್ತೆ. ರ‍್ಯಾಮ್ ಕೂಡ ಹೊಸದೇ ಬೇಕು ಅಂದರೆ ಯೋಜನೆಯನ್ನೇ ಮುಂದಕ್ಕೆ ಹಾಕಬೇಕು.

ಹಿಂದೆ ಮೆಮೊರಿ ಕಂಟ್ರೋಲರ್ ಬೋರ್ಡಿನ ಚಿಪ್‌ಸೆಟ್‌ನಲ್ಲಿ ಇರುತ್ತಿತ್ತು. ಡೆಸ್ಕ್‌ಟಾಪಲ್ಲಿ ಎಎಂಡಿ 2003ರಲ್ಲಿ, ಇಂಟೆಲ್ 2008ರಲ್ಲಿ ಅದನ್ನ ಪ್ರೊಸೆಸರ್ ಒಳಗೆ ತಂದವು. ಹಾಗಾಗಿ ಯಾವ ಪೀಳಿಗೆಯ ರ‍್ಯಾಮ್ ನಡೆಯುತ್ತೆ ಅನ್ನೋದು ಪ್ರೊಸೆಸರ್ ಮೇಲೆ ನಿಂತಿದೆ. ಆದರೆ ಕೊನೇ ಮಾತು ಬೋರ್ಡಿನದು, ಯಾಕಂದ್ರೆ ಸ್ಲಾಟ್ ಇರೋದು ಅಲ್ಲಿ.

ಮೊದಲ ಹೆಜ್ಜೆ, ಕೈಯಲ್ಲಿರೋದು ಏನು ಅಂತ ತಿಳ್ಕೊಳ್ಳಿ. 6ನೇ ಪೀಳಿಗೆಯ ಇಂಟೆಲ್ ಡಿಡಿಆರ್3ಎಲ್, ಡಿಡಿಆರ್4 ಎರಡನ್ನೂ ಒಪ್ಪುತ್ತೆ, ಆದ್ದರಿಂದ ಪ್ರೊಸೆಸರ್ ಹೆಸರು ನೋಡಿ ರ‍್ಯಾಮ್ ಊಹಿಸಬೇಡಿ. ವಿಂಡೋಸಲ್ಲಿ ಸಿಪಿಯು-ಝಡ್, ಲಿನಕ್ಸಲ್ಲಿ ಡಿಎಂಐಡಿಕೋಡ್ ಓಡಿಸಿದರೆ ಗೊತ್ತಾಗುತ್ತೆ. ಗೆಳೆಯರದ್ದು ಡಿಡಿಆರ್4, ವೇಗ 2133.

ಎರಡನೇದು, ಪ್ರೊಸೆಸರ್ ತಯಾರಕರ ಪುಟದಲ್ಲಿ ಮೆಮೊರಿ ವಿಧ ನೋಡಿ. ಅವರ ಪಟ್ಟಿಯಲ್ಲಿ ಎರಡಿದ್ದವು. ರೈಜೆನ್ 5 7600ಗೆ ಡಿಡಿಆರ್5 ಮಾತ್ರ ಆಗೋದು, ಅಲ್ಲಿಗೆ ಅದು ಪಟ್ಟಿಯಿಂದ ಹೊರಗೆ. ಐ5-12400 ಡಿಡಿಆರ್4-3200 ತನಕ, ಡಿಡಿಆರ್5-4800 ತನಕ ಎರಡನ್ನೂ ಒಪ್ಪುತ್ತೆ.

ಮೂರನೇದೇ ಮುಖ್ಯ. ಎರಡನ್ನೂ ಒಪ್ಪೋದು ಪ್ರೊಸೆಸರ್, ಬೋರ್ಡ್ ಅಲ್ಲ. ಬಿ660 ಚಿಪ್‌ಸೆಟ್ಟಿನ ಬೋರ್ಡುಗಳು ಡಿಡಿಆರ್4ಗೂ ಇವೆ, ಡಿಡಿಆರ್5ಗೂ ಇವೆ. ಎರಡಕ್ಕೂ 288 ಪಿನ್, ಆದರೆ ನಡುವಿನ ಕಚ್ಚು ಬೇರೆ ಕಡೆ, ವಿದ್ಯುತ್ ವ್ಯವಸ್ಥೆಯೂ ಬೇರೆ. ಒತ್ತಿ ಕೂರಿಸೋಕೆ ಹೋದರೆ ಸ್ಲಾಟೇ ಹಾಳು. ಹಲವು ಬೋರ್ಡುಗಳ ಹೆಸರಿನ ಕೊನೆಗೆ ಡಿ4 ಅಂತ ಇರುತ್ತೆ. ನೆಹರು ಪ್ಲೇಸಾಗಲಿ, ಲ್ಯಾಮಿಂಗ್ಟನ್ ರೋಡಾಗಲಿ, ರಿಚೀ ಸ್ಟ್ರೀಟಾಗಲಿ, ಬಿಲ್ ಮಾಡಿಸೋ ಮುಂಚೆ ಪೂರ್ತಿ ಮಾಡೆಲ್ ಹೆಸರು ಓದಿ.

ವೇಗದ ಬಗ್ಗೆ ಹೆದರಬೇಡಿ. 2133ರ ಸ್ಟಿಕ್ 3200ರ ಬೋರ್ಡಲ್ಲಿ 2133ರಲ್ಲೇ ಓಡುತ್ತೆ. ಮುಂದೆ 3200ರ ಸ್ಟಿಕ್ ಸೇರಿಸಿದರೆ ಅದೂ ಸಾಮಾನ್ಯವಾಗಿ ನಿಧಾನದ್ದರ ವೇಗಕ್ಕೇ ಇಳಿಯುತ್ತೆ. ದಿನನಿತ್ಯದ ಕೆಲಸಕ್ಕೆ ಇದು ದೊಡ್ಡ ನಷ್ಟವಲ್ಲ.

ಇನ್ನೊಂದು ಎಚ್ಚರಿಕೆ. ಸೆಕೆಂಡ್ ಹ್ಯಾಂಡಲ್ಲಿ ಅಗ್ಗಕ್ಕೆ ಸಿಗೋ ಸರ್ವರ್ ರ‍್ಯಾಮ್, ಅಂದರೆ ರಿಜಿಸ್ಟರ್ಡ್ ಡಿಡಿಆರ್4, ಸ್ಲಾಟಲ್ಲಿ ಸರಿಯಾಗೇ ಕೂರುತ್ತೆ. ಆದರೆ ಇಂಥ ಮನೆಬಳಕೆ ಬೋರ್ಡುಗಳಲ್ಲಿ ಮಷೀನ್ ಬೂಟ್ ಆಗಲ್ಲ. ಲೇಬಲಲ್ಲಿ ಆರ್‌ಡಿಐಎಂಎಂ ಅಂತ ಇದ್ದರೆ ಬಿಟ್ಟುಬಿಡಿ.

ಗೆಳೆಯರು ಐ5-12400, ಜೊತೆಗೆ ಒಂದು ಡಿ4 ಬೋರ್ಡ್ ತಗೊಂಡರು. ರ‍್ಯಾಮಿಗೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ.

ಎಲ್ಲ ಜೋಡಿಸಿದ ಮೇಲೆ ಪೆನ್‌ಡ್ರೈವಿನಿಂದ ಮೆಮ್‌ಟೆಸ್ಟ್86+ ಒಂದು ರಾತ್ರಿ ಓಡಿಸಿ. ಒಂದೇ ಒಂದು ಎರರ್ ಬಂದರೂ ಒಂದೊಂದೇ ಸ್ಟಿಕ್ ಹಾಕಿ ಮತ್ತೆ ನೋಡಿ. ಅಂಗಡಿಯವರು ಬೋರ್ಡ್ ವಾಪಸ್ ತಗೊಳ್ಳೋ ಗಡುವು ಮುಗಿಯೋದರೊಳಗೆ ಈ ಪರೀಕ್ಷೆ ಮುಗಿಸಿಬಿಡಿ.