ಸುತ್ತು ಕಡಿಮೆ, ಬಿಗಿ ಹೆಚ್ಚು

(ಮಹಿಳಾ ವೇದಿಕೆಯ ಸಭೆಯಲ್ಲಿ ನನ್ನ ಹವ್ಯಾಸದ ಬಗ್ಗೆ ಆಡಿದ ಮಾತುಗಳ ಬರಹರೂಪ)

ಕಸೂತಿ, ರಂಗೋಲಿ, ಸೀರೆ ಕುಚ್ಚು ಇವುಗಳ ಬಗ್ಗೆ ಇಲ್ಲಿ ಒಳ್ಳೊಳ್ಳೆಯ ಮಾತು ಕೇಳಿದ್ದೇನೆ. ನನ್ನ ಹವ್ಯಾಸ ಸ್ವಲ್ಪ ವಿಚಿತ್ರ. ಮೀನಿನ ಗಾಳಕ್ಕೆ ಹಾಕುವ ನಕಲಿ ಹುಳು ಕಟ್ಟುತ್ತೇನೆ. ‘ಫ್ಲೈ ಟೈಯಿಂಗ್’ ಅನ್ನುತ್ತಾರೆ. ಸಸ್ಯಾಹಾರಿಗಳು ಎದ್ದು ಹೋಗಬೇಡಿ, ನಾನೂ ಸಸ್ಯಾಹಾರಿಯೇ!

ಮೂರು ವರ್ಷದ ಹಿಂದೆ ದೆಹಲಿಯಿಂದ ಹಿಮಾಚಲದ ತೀರ್ಥನ್ ಕಣಿವೆಗೆ ಗೆಳತಿಯರ ಜೊತೆ ಹೋಗಿದ್ದೆ. ಅಲ್ಲಿನ ತಣ್ಣನೆಯ ಹೊಳೆಯಲ್ಲಿ ಟ್ರೌಟ್ ಮೀನುಗಳಿವೆ. ಬ್ರಿಟಿಷರು ತಂದು ಬಿಟ್ಟ ಜಾತಿ. ಟ್ರೌಟ್ ಹೆಚ್ಚಾಗಿ ತಿನ್ನುವುದು ನೀರಿನಡಿ ಕಲ್ಲಿನ ಸಂದಿಯಲ್ಲಿ ಬೆಳೆಯುವ ಮರಿಹುಳುಗಳನ್ನು. ಅವುಗಳಿಗೆ ‘ನಿಂಫ್’ ಎಂದು ಹೆಸರು. ಅಪ್ಸರೆ ಅಲ್ಲ, ಹುಳು! ರಭಸದ ನೀರಿನಲ್ಲಿ ನಕಲಿ ನಿಂಫ್ ತಳಕ್ಕೆ ಇಳಿಯಬೇಕಾದರೆ ಅದಕ್ಕೆ ತೂಕ ಬೇಕು. ಅದಕ್ಕೇ ತಲೆಯ ಜಾಗದಲ್ಲಿ ಟಂಗ್‌ಸ್ಟನ್ ಮಣಿ. ಹಿತ್ತಾಳೆಯ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 8.5 ಗ್ರಾಂ, ಟಂಗ್‌ಸ್ಟನ್‌ನದು 19.3. ಅಂದರೆ ಅಷ್ಟೇ ಗಾತ್ರಕ್ಕೆ ಎರಡು ಪಟ್ಟಿಗೂ ಹೆಚ್ಚು ಭಾರ.

ಎಂಟೆಕ್ ಮಾಡಿದವಳು, ಇದೇನು ಮಹಾ ಎಂದುಕೊಂಡು ಸಾಮಾನು ತರಿಸಿದೆ. 16ನೇ ನಂಬರಿನ ಕೊಕ್ಕೆ, 2.5 ಮಿಲಿಮೀಟರ್ ಮಣಿ. ಕಟ್ಟಿದ ಹುಳು ಜೀರಿಗೆ ಕಾಳಿಗಿಂತ ಕೊಂಚ ದೊಡ್ಡದಿರಬೇಕು. ನನ್ನದು ಹುರುಳಿ ಕಾಳಿನ ಹಾಗೆ ಉಬ್ಬಿ ಕೂತಿತ್ತು. ಮಣಿ ಅಲ್ಲಾಡುತ್ತಿತ್ತು, ದಾರ ಬಿಚ್ಚಿಕೊಳ್ಳುತ್ತಿತ್ತು. ಬಿಚ್ಚದಿರಲಿ ಎಂದು ಇನ್ನಷ್ಟು ಸುತ್ತುತ್ತಿದ್ದೆ.

ಅದೇ ಸಮಯಕ್ಕೆ ಅಪ್ಪ ತೀರಿಕೊಂಡರು. ಅಮ್ಮನನ್ನು ಶೃಂಗೇರಿ ಕಡೆಯ ಮನೆಯಿಂದ ಕರೆತಂದೆ. ಇಲ್ಲಿ ಭಾಷೆ ಇಲ್ಲ, ಅಂಗಳ ಇಲ್ಲ. ಅಮ್ಮ ಮಾತೇ ಬಿಟ್ಟಿದ್ದರು. ಅದರ ಮೇಲೆ ನನ್ನ ಈ ಕೆಲಸ. ಶಾರದಾಂಬೆಯ ಗುಡಿಯ ಹತ್ತಿರ ತುಂಗೆಯ ಮೀನಿಗೆ ಮಂಡಕ್ಕಿ ಹಾಕಿ ನನ್ನನ್ನು ಬೆಳೆಸಿದವರು. ಮನೆಗೆ ಕೋಳಿ ಗರಿ ಬಂದದ್ದು ನೋಡಿ ದೇವರ ಕೋಣೆಯ ಬಾಗಿಲು ಹಾಕಿಕೊಂಡರು.

ಒಂದು ರಾತ್ರಿ ದಾರ ತುಂಡಾಗಿ ನಾನು ಸಿಡುಕಿದಾಗ, ಹಿಂದೆ ನಿಂತು ನೋಡುತ್ತಿದ್ದ ಅಮ್ಮ ಅಂದರು: “ಎಂತಕ್ಕೆ ಮಾರಾಯ್ತಿ ಇಷ್ಟು ದಾರ? ಹೂವು ನಿಲ್ಲೋದು ಸುತ್ತಿನಿಂದ ಅಲ್ಲ, ಎಳೆಯೋ ಬಿಗಿಯಿಂದ.”

ಬಾಳೆ ನಾರಿನಲ್ಲಿ ಮೊಳಗಟ್ಟಲೆ ಮಲ್ಲಿಗೆ ಕಟ್ಟಿದ ಕೈ ಅದು. ಮರುದಿನ ಸುತ್ತು ಎಣಿಸಿದೆ. ಒಂದು ಹುಳುವಿಗೆ ನೂರರ ಹತ್ತಿರ! ಅದನ್ನು ಅರ್ಧಕ್ಕೆ ಇಳಿಸಿ, ಪ್ರತಿ ಸುತ್ತನ್ನೂ ಬಿಗಿಯಾಗಿ ಎಳೆಯುವುದನ್ನು ಅಭ್ಯಾಸ ಮಾಡಿದೆ.

ಉಳಿದ ಪಾಠಗಳನ್ನು ಚುಟುಕಾಗಿ ಹೇಳುತ್ತೇನೆ. ಮೊದಲು ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ, ಆಮೇಲೆ ಮಣಿ ಪೋಣಿಸಬೇಕು. ಮಣಿಯ ಸಣ್ಣ ತೂತು ಮುಂದಕ್ಕೆ. ಸುತ್ತುತ್ತಾ ಹೋದಂತೆ ದಾರಕ್ಕೆ ಹುರಿ ಏರಿ ಹಗ್ಗದಂತೆ ದಪ್ಪವಾಗುತ್ತದೆ. ಬಲಗೈಯವರು ಆಗಾಗ ದಾರದ ಬಾಬಿನ್ನನ್ನು ಗಡಿಯಾರಕ್ಕೆ ವಿರುದ್ಧವಾಗಿ ತಿರುಗಿಸಿದರೆ ಹುರಿ ಬಿಚ್ಚಿ ದಾರ ಚಪ್ಪಟೆಯಾಗಿ ಕೂರುತ್ತದೆ. ಬಾಲಕ್ಕೆ ಗರಿಯ ಮೂರ್ನಾಲ್ಕು ಎಳೆ ಸಾಕು. ತಾಮ್ರದ ತಂತಿಯನ್ನು ಬಾಲದ ಹತ್ತಿರ ಮಾತ್ರ ಕಟ್ಟಿದರೆ ಅಲ್ಲೊಂದು ಗಂಟು ಏಳುತ್ತದೆ. ಮಣಿಯ ಹಿಂದಿನಿಂದಲೇ ಮೈಯುದ್ದಕ್ಕೂ ಹಾಸಿ ಕಟ್ಟಿದರೆ ಮೈ ಸಮನಾಗುತ್ತದೆ. ಆಮೇಲೆ ತಂತಿಯನ್ನು ದಾರಕ್ಕೆ ಎದುರು ದಿಕ್ಕಿನಲ್ಲಿ ಸುತ್ತಿದರೆ ಎಲ್ಲವನ್ನೂ ಹಿಡಿದಿಡುತ್ತದೆ. ಇಂಗ್ಲೆಂಡಿನ ಏವನ್ ನದಿಯ ಕಾವಲುಗಾರ ಫ್ರಾಂಕ್ ಸಾಯರ್ ದಾರವನ್ನೇ ಬಿಟ್ಟು, ತೂಕಕ್ಕೂ ಕಟ್ಟುವುದಕ್ಕೂ ಬರೀ ತಾಮ್ರದ ತಂತಿ ಬಳಸಿದವರು. ಅವರ ವಿಧಾನ ತಿಳಿದ ಮೇಲೆ ಅಮ್ಮನ ಮಾತಿಗೆ ಇನ್ನಷ್ಟು ಬೆಲೆ ಬಂತು.

ಮಣಿಯ ಹಿಂದೆ ಎದೆಭಾಗಕ್ಕೆ ಉಣ್ಣೆಯ ನವಿರನ್ನು ದಾರಕ್ಕೆ ಹೊಸೆಯಬೇಕು. ನಾನು ಹೊಸೆದದ್ದು ಉಂಡೆಯಾಗುತ್ತಿತ್ತು. ಅಮ್ಮ ಬೆರಳಿಗೆ ಚೂರು ನೀರು ಮುಟ್ಟಿಸಿ, ಹತ್ತಿ ಬತ್ತಿ ಹೊಸೆದಂತೆ ಒಂದೇ ದಿಕ್ಕಿಗೆ ಹೊಸೆದು ತೋರಿಸಿದರು. ‘ಸಾಕು’ ಅನ್ನಿಸಿದ್ದರ ಅರ್ಧದಷ್ಟು ಉಣ್ಣೆ ತೆಗೆದುಕೊಳ್ಳಬೇಕು. ಹಳೆಯದು, ಹೊಸದು ಎರಡನ್ನೂ ಗಾಜಿನ ಲೋಟದ ನೀರಿಗೆ ಬಿಟ್ಟು ನೋಡಿದೆವು. ಮಣಿ ಒಂದೇ, ಆದರೆ ತೆಳು ಮೈಯದು ಮೊದಲು ತಳ ಮುಟ್ಟಿತು. ಬಹಳ ದಿನಗಳ ನಂತರ ಅಮ್ಮ ನಕ್ಕರು.

ಕಳೆದ ಏಪ್ರಿಲ್‌ನಲ್ಲಿ ಅಮ್ಮನನ್ನೂ ತೀರ್ಥನ್‌ಗೆ ಕರೆದೊಯ್ದೆ. ಅಲ್ಲಿ ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು. ಮೊಟ್ಟೆಯಿಡುವ ಕಾಲವೆಂದು ನವೆಂಬರ್‌ನಿಂದ ಫೆಬ್ರವರಿವರೆಗೆ ಹಿಡಿಯುವಂತಿಲ್ಲ. ಒಂದು ಟ್ರೌಟ್ ಸಿಕ್ಕಿತು. ಕೈ ಒದ್ದೆ ಮಾಡಿಕೊಂಡು, ನೀರಿನಲ್ಲೇ ಕೊಕ್ಕೆ ಬಿಡಿಸಿ ಬಿಟ್ಟೆ. ಅಮ್ಮ ಹೇಳಿದ್ದಿಷ್ಟು: “ಬಿಟ್ಟೆಯಲ್ಲ, ಒಳ್ಳೇದಾಯ್ತು. ಹಿಡೀದೇ ಇದ್ದಿದ್ರೆ ಇನ್ನೂ ಒಳ್ಳೇದಿತ್ತು.”

ಅವರ ಮಾತಿಗೆ ನನ್ನ ಹತ್ತಿರ ಉತ್ತರವಿಲ್ಲ. ಆ ಪ್ರವಾಸದ ನಂತರ ಹೊಳೆಗೆ ಹೋಗುವುದನ್ನು ವರ್ಷಕ್ಕೆ ಒಂದು ಸಲಕ್ಕೆ ಇಳಿಸಿದ್ದೇನೆ. ಕಟ್ಟುವುದನ್ನು ಮಾತ್ರ ಬಿಟ್ಟಿಲ್ಲ. ರಾತ್ರಿ ಊಟವಾದ ಮೇಲೆ ಒಂದೇ ದೀಪದ ಕೆಳಗೆ ನಾನು ಹುಳು ಕಟ್ಟುತ್ತೇನೆ, ಅಮ್ಮ ಬತ್ತಿ ಹೊಸೆಯುತ್ತಾರೆ. ಊರಿನ ಕಥೆ, ಅಪ್ಪನ ಕಥೆ ಎಲ್ಲ ಆಗ ಹೊರಗೆ ಬರುತ್ತದೆ.

ನಿಮ್ಮ ಮನೆಯಲ್ಲೂ ಊರಿಂದ ಬಂದು ಸುಮ್ಮನೆ ಕೂತ ಹಿರಿಯರಿರಬಹುದು. ನಿಮಗೆ ಬಾರದ ಕೈಕೆಲಸವೊಂದನ್ನು ಅವರ ಮುಂದೆ ಕೂತು ಮಾಡಿ ನೋಡಿ. ತಪ್ಪು ತೋರಿಸುವುದಕ್ಕಾದರೂ ಅವರು ಮಾತಾಡುತ್ತಾರೆ.