ಹೊಟ್ಟೆ ಉಬ್ಬರ ಅಂತ ಸುಮ್ಮನೆ ಕೂಡಬ್ಯಾಡ್ರಿ

(ಸಂಘದ ರಜತ ಮಹೋತ್ಸವದ ಅಂಗವಾಗಿ ಏರ್ಪಡಿಸಿದ್ದ ಮಹಿಳಾ ಗೋಷ್ಠಿಯಲ್ಲಿ ಗಂಗಾವತಿಯ ಸ್ತ್ರೀರೋಗ ವೈದ್ಯೆಯೊಬ್ಬರು ಮಾಡಿದ ಭಾಷಣ)



ಇಪ್ಪತ್ತೈದು ವರ್ಷ ಒಂದು ಸಂಘವನ್ನು ನಡೆಸಿಕೊಂಡು ಬರುವುದು ಸಣ್ಣ ಮಾತಲ್ಲ. ಅದಕ್ಕಾಗಿ ತಮ್ಮೆಲ್ಲರನ್ನೂ ಮೊದಲಿಗೆ ಅಭಿನಂದಿಸುತ್ತೇನೆ. ಕಾರ್ಯದರ್ಶಿಗಳು "ಡಾಕ್ಟರಮ್ಮ, ಹೆಣ್ಣಮಕ್ಕಳ ಆರೋಗ್ಯದ ಬಗ್ಗೆ ನಾಲ್ಕು ಮಾತು ಹೇಳ್ರಿ" ಅಂದರು. ನಾಲ್ಕು ವಿಷಯ ಬೇಡ, ಒಂದೇ ವಿಷಯ ಹೇಳುತ್ತೇನೆ. ಅದು ಅಂಡಾಶಯದ ಕ್ಯಾನ್ಸರ್.

ಗರ್ಭಚೀಲದ ಎರಡೂ ಬದಿಗೆ ಬಾದಾಮಿಯಷ್ಟು ಗಾತ್ರದ ಎರಡು ಅಂಡಾಶಯ ಇರುತ್ತವೆ. ಅವು ಕೆಳಹೊಟ್ಟೆಯ ಆಳದಲ್ಲಿ ಇರುವುದರಿಂದ ಅಲ್ಲಿ ಗಂಟಾದರೆ ಕೈಗೆ ಹತ್ತುವುದಿಲ್ಲ, ಕಣ್ಣಿಗೆ ಕಾಣುವುದಿಲ್ಲ. 2022ರ ಅಂದಾಜಿನಂತೆ ನಮ್ಮ ದೇಶದಲ್ಲಿ ಒಂದೇ ವರ್ಷದಲ್ಲಿ ಸುಮಾರು 47 ಸಾವಿರ ಹೆಂಗಸರಿಗೆ ಈ ರೋಗ ಬಂದಿದೆ. ಸ್ತನದ ಮತ್ತು ಗರ್ಭಕಂಠದ ಕ್ಯಾನ್ಸರ್‌ಗಳು ಇದಕ್ಕಿಂತ ಹೆಚ್ಚು. ಆದರೆ ಅವೆರಡನ್ನೂ ಬೇಗ ಹುಡುಕುವ ದಾರಿ ಇದೆ. ಅಂಡಾಶಯದ ಕ್ಯಾನ್ಸರ್ ಹೆಚ್ಚಿನವರಲ್ಲಿ ಹೊಟ್ಟೆಯೆಲ್ಲ ಹಬ್ಬಿದ ಮೇಲೆಯೇ ಗೊತ್ತಾಗುತ್ತದೆ.

ನನ್ನದೇ ಒಂದು ತಪ್ಪನ್ನು ಇಲ್ಲಿ ಹೇಳಿಕೊಳ್ಳಬೇಕು. ಬಹಳ ವರ್ಷದ ಹಿಂದೆ ಐವತ್ತು ದಾಟಿದ ಒಬ್ಬ ತಾಯಿ ನನ್ನ ಹತ್ತಿರ ಬಂದಿದ್ದಳು. "ಎರಡು ತುತ್ತು ಉಂಡರ ಹೊಟ್ಟಿ ತುಂಬಿದಂಗ ಆಗತೈತ್ರಿ, ಉಬ್ಬರಸತೈತಿ" ಅಂದಳು. ನಾನು ಗ್ಯಾಸ್ ಅಂತ ತಿಳಿದು ಗುಳಿಗಿ ಬರೆದುಕೊಟ್ಟೆ. ಗರ್ಭಚೀಲ ತೆಗೆಸಿಯಾಗಿತ್ತು, ಇನ್ನೇನು ಆಗುತ್ತದೆ ಅಂತ ಆಕೆಯೂ ಅಂದುಕೊಂಡಳು, ನಾನೂ ಅಂದುಕೊಂಡೆ. ಸುಗ್ಗಿ ಮುಗಿಸಿ ಎಂಟು ತಿಂಗಳ ಮೇಲೆ ಬಂದಾಗ ಹೊಟ್ಟೆ ತುಂಬ ನೀರು. ಹುಬ್ಬಳ್ಳಿಗೆ ಕಳಿಸಿದೆವು. ಎರಡು ವರ್ಷ ಬದುಕಿದಳು. ಮೊದಲ ದಿನವೇ ಒಂದು ಸ್ಕ್ಯಾನ್ ಮಾಡಿಸಿದ್ದರೆ ಉಳಿಯುತ್ತಿದ್ದಳೋ ಇಲ್ಲವೋ ಹೇಳಲಾರೆ. ಆದರೆ ಅವಕಾಶ ಇನ್ನಷ್ಟು ಇರುತ್ತಿತ್ತು. ಆ ಮುಖ ನನಗೆ ಇಂದಿಗೂ ಮರೆತಿಲ್ಲ.

"ಹಂಗಾದ್ರ ವರ್ಷಕ್ಕೊಮ್ಮೆ ಎಲ್ಲರಿಗೂ ಪರೀಕ್ಷೆ ಮಾಡಿಬಿಡ್ರಲ್ಲ" ಅಂತ ತಾವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಇದೇ ಪ್ರಶ್ನೆಯನ್ನು ವಿಜ್ಞಾನಿಗಳೂ ಕೇಳಿಕೊಂಡರು. 1981ರಲ್ಲಿ ಅಮೆರಿಕದ ರಾಬರ್ಟ್ ಬಾಸ್ಟ್ ಮತ್ತು ಸಂಗಡಿಗರು ಮಾಡಿದ ಶೋಧದಿಂದ ಸಿಎ-125 ಎಂಬ ರಕ್ತಪರೀಕ್ಷೆ ಬಂತು. ಈ ರೋಗದವರಲ್ಲಿ ಆ ಅಂಶ ರಕ್ತದಲ್ಲಿ ಏರುತ್ತದೆ. ಆದರೆ ಮುಟ್ಟಿನ ದಿನಗಳಲ್ಲಿಯೂ ಏರುತ್ತದೆ, ಗರ್ಭಚೀಲದ ಗಡ್ಡೆಯಲ್ಲಿಯೂ ಏರುತ್ತದೆ, ನಮ್ಮಲ್ಲಿ ಸಾಮಾನ್ಯವಾದ ಹೊಟ್ಟೆಯ ಕ್ಷಯದಲ್ಲಿಯೂ ಏರುತ್ತದೆ. ರೋಗ ಇನ್ನೂ ಎಳೆಯದಾಗಿದ್ದಾಗ ಎಷ್ಟೋ ಜನರಲ್ಲಿ ಏರುವುದೇ ಇಲ್ಲ.

ನಿಮ್ಮ ಸಂಘ ಹುಟ್ಟಿದ ಕಾಲದಲ್ಲೇ, 2001ರಲ್ಲಿ, ಇಂಗ್ಲೆಂಡ್ ಕಡೆ ಒಂದು ದೊಡ್ಡ ಪ್ರಯೋಗ ಶುರುವಾಯಿತು. ಇಯಾನ್ ಜೇಕಬ್ಸ್ ಮತ್ತು ಉಷಾ ಮೆನನ್ ಅದರ ಮುಂದಾಳುಗಳು. ಮುಟ್ಟು ನಿಂತ, 50ರಿಂದ 74 ವಯಸ್ಸಿನ 2,02,638 ಹೆಂಗಸರು ಇದರಲ್ಲಿ ಸೇರಿದರು. ಒಂದು ಗುಂಪಿಗೆ ವರ್ಷಕ್ಕೊಮ್ಮೆ ರಕ್ತಪರೀಕ್ಷೆ, ಇನ್ನೊಂದು ಗುಂಪಿಗೆ ವರ್ಷಕ್ಕೊಮ್ಮೆ ಸ್ಕ್ಯಾನ್, ಮೂರನೆಯ ಗುಂಪಿಗೆ ಯಾವ ಪರೀಕ್ಷೆಯೂ ಇಲ್ಲ. ಎಲ್ಲರನ್ನೂ ವರ್ಷಾನುಗಟ್ಟಲೆ ಗಮನಿಸಿ 2021ರಲ್ಲಿ ಕೊನೆಯ ಲೆಕ್ಕ ಹೇಳಿದರು. ರಕ್ತಪರೀಕ್ಷೆಯ ಗುಂಪಿನಲ್ಲಿ ರೋಗ ಸ್ವಲ್ಪ ಬೇಗ ಸಿಕ್ಕಿತು, ನಿಜ. ಆದರೆ ಸಾಯುವವರ ಸಂಖ್ಯೆ ಯಾವ ಗುಂಪಿನಲ್ಲಿಯೂ ಕಡಿಮೆಯಾಗಲಿಲ್ಲ.

ಅಮೆರಿಕದಲ್ಲಿ 78 ಸಾವಿರ ಹೆಂಗಸರ ಮೇಲೆ ನಡೆದ ಇಂಥದ್ದೇ ಪ್ರಯೋಗದ ಫಲ 2011ರಲ್ಲಿ ಬಂತು. ಅಲ್ಲಿಯೂ ಸಾವು ಕಡಿಮೆಯಾಗಲಿಲ್ಲ. ಅದರ ಮೇಲೆ 3,285 ಹೆಂಗಸರಿಗೆ ರೋಗ ಇಲ್ಲದಿದ್ದರೂ ಇದೆಯೆಂಬ ಸಂಶಯ ಬಂತು. ಅವರಲ್ಲಿ 1,080 ಮಂದಿಗೆ ಆಪರೇಷನ್ ಆಯಿತು, 163 ಮಂದಿಗೆ ಗಂಭೀರ ತೊಂದರೆಗಳಾದವು. ಇದು ಕಳೆ ಅಂತ ತಿಳಿದು ನೆಲ್ಲು ಕಿತ್ತಂಗ ಆಯಿತು. ಆದ್ದರಿಂದ ಯಾರಾದರೂ ಶಿಬಿರ ಹಾಕಿ "ಈ ರಕ್ತಪರೀಕ್ಷೆ ಮಾಡಿಸಿರಿ, ಅಂಡಾಶಯದ ಕ್ಯಾನ್ಸರ್ ಇದ್ದರೆ ಗೊತ್ತಾಗುತ್ತದೆ" ಅಂದರೆ, ಏನೂ ತೊಂದರೆ ಇಲ್ಲದವರು ರೊಕ್ಕ ಕೊಡಬ್ಯಾಡ್ರಿ.

ಹಾಗಾದರೆ ಆ ಪ್ರಯೋಗ ವ್ಯರ್ಥವೆ? ಖಂಡಿತ ಅಲ್ಲ. ಎರಡು ಲಕ್ಷ ಹೆಂಗಸರು ಕೈಚಾಚಿ ರಕ್ತ ಕೊಟ್ಟಿದ್ದರಿಂದ ಲೋಕದ ಕೋಟ್ಯಂತರ ಹೆಂಗಸರು ಬೇಡದ ಆಪರೇಷನ್‌ನಿಂದ ಉಳಿದರು. ಎಲ್ಲರಿಗಾಗಿ ನಾನು, ನನಗಾಗಿ ಎಲ್ಲರೂ ಎಂಬ ಸಹಕಾರ ತತ್ವ ಅಂದರೆ ಇದೇ ಅಲ್ಲವೆ?

ನಮ್ಮ ನಾಡಿನಲ್ಲಿಯೂ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಮ್‌ರೇ ಭಟ್ ಅವರ ತಂಡ, ರೋಗಿಗಳ ಹೊಟ್ಟೆಯಿಂದ ತೆಗೆದ ನೀರಿನಲ್ಲಿ ತೇಲುವ ಕ್ಯಾನ್ಸರ್ ಕಣಗಳ ಸಣ್ಣ ಉಂಡೆಗಳನ್ನು ಅಭ್ಯಾಸ ಮಾಡಿ 2021ರಲ್ಲಿ ಪ್ರಕಟಿಸಿತು. ಎಡದಂಡೆ ಕಾಲುವೆಯ ನೀರಿನ ಸಂಗಡ ಕಳೆಬೀಜ ಬಂದು ಕೆಳಗಿನ ಹೊಲದಲ್ಲಿ ಮೊಳೆಯುವುದನ್ನು ತಾವು ಕಂಡಿದ್ದೀರಿ. ಈ ರೋಗವೂ ಹೊಟ್ಟೆಯ ನೀರಿನಲ್ಲಿ ತೇಲಿಕೊಂಡು ಹೋಗಿ ಬೇರೆ ಕಡೆ ಬೇರು ಬಿಡುತ್ತದೆ. ಆ ಉಂಡೆಗಳ ಮೇಲೆ ಒಂದು ತೆಳುವಾದ ಹೊದಿಕೆ ಇದೆ, ಅದನ್ನು ಕರಗಿಸಿದರೆ ಉಂಡೆಯ ರೂಪವೇ ಬದಲಾಗುತ್ತದೆ ಎಂದು ಅವರು ತೋರಿಸಿದರು. ಇದು ಔಷಧಿಯಾಗಿ ಬರಲು ಇನ್ನೂ ದೂರದ ದಾರಿ ಇದೆ. ಆದರೆ ಶತ್ರು ಹೇಗೆ ಓಡಾಡುತ್ತಾನೆ ಅಂತ ತಿಳಿಯದೆ ಅವನನ್ನು ಹಿಡಿಯುವುದಾದರೂ ಹೇಗೆ?

ಅಲ್ಲಿಯತನಕ ನಾವು ಮಾಡಬೇಕಾದದ್ದೇನು? 2007ರಲ್ಲಿ ಅಮೆರಿಕದ ವೈದ್ಯೆ ಬಾರ್ಬರಾ ಗಾಫ್ ಮತ್ತು ಸಂಗಡಿಗರು ರೋಗಿಗಳ ಮಾತನ್ನು ಲಕ್ಷ್ಯಗೊಟ್ಟು ಕೇಳಿ ಕೆಲವು ಗುರುತುಗಳನ್ನು ಹೇಳಿದರು. ಹೊಟ್ಟೆ ಉಬ್ಬರಿಸುವುದು ಅಥವಾ ಹೊಟ್ಟೆ ದೊಡ್ಡದಾಗುವುದು. ಸ್ವಲ್ಪ ಉಂಡರೂ ತುಂಬಿದಂತಾಗುವುದು. ಹೊಟ್ಟೆ, ಕೆಳಹೊಟ್ಟೆಯಲ್ಲಿ ನೋವು. ಇವು ಹೊಸದಾಗಿ, ಒಂದು ವರ್ಷದ ಒಳಗೆ ಶುರುವಾಗಿ, ತಿಂಗಳಲ್ಲಿ ಹನ್ನೆರಡು ದಿನಕ್ಕಿಂತ ಹೆಚ್ಚು ಕಾಡಿದರೆ ತಡಮಾಡಬಾರದು. ಪದೇ ಪದೇ ಮೂತ್ರಕ್ಕೆ ಅವಸರವಾಗುವುದೂ ಒಂದು ಗುರುತು. ಮುಟ್ಟು ನಿಂತ ಮೇಲೆ ರಕ್ತ ಕಂಡರಂತೂ ಒಂದೇ ಸಲವಾದರೂ ತೋರಿಸಲೇಬೇಕು. ಇಂಥವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ, ಹೆದರಬ್ಯಾಡ್ರಿ. ಆದರೆ ಡಾಕ್ಟರಿಗೆ "ಗ್ಯಾಸಿನ ಗುಳಿಗಿ ಸಾಕ್ರಿ, ಒಂದು ಸ್ಕ್ಯಾನ್ ಮಾಡಸ್ರಿ" ಅಂತ ಧೈರ್ಯದಿಂದ ಹೇಳ್ರಿ. ತೊಂದರೆ ಇದ್ದವರಿಗೆ ಸ್ಕ್ಯಾನ್ ಮತ್ತು ಸಿಎ-125 ಎರಡೂ ಉಪಯೋಗದ ಪರೀಕ್ಷೆಗಳೇ.

ಇನ್ನೂ ಮೂರು ಮಾತು. ಗರ್ಭಚೀಲ ತೆಗೆಸಿದವರಲ್ಲಿ ಅಂಡಾಶಯ ಉಳಿದಿರಬಹುದು. ಆಪರೇಷನ್ ಕಾಗದ ಜೋಪಾನ ಮಾಡಿಟ್ಟು ಕೇಳಿ ತಿಳಿಯಿರಿ. ತಾಯಿ, ಅಕ್ಕ ತಂಗಿ, ಚಿಗವ್ವ, ಅತ್ತೆ ಇವರಲ್ಲಿ ಯಾರಿಗಾದರೂ ಅಂಡಾಶಯದ ಅಥವಾ ಸ್ತನದ ಕ್ಯಾನ್ಸರ್ ಆಗಿದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ. ತಂದೆಯ ಕಡೆಯಿಂದಲೂ ಇದು ಬರಬಹುದು. ಇದಕ್ಕೆ ಕಾರಣವಾಗುವ ವಂಶವಾಹಿಗಳನ್ನು 1994 ಮತ್ತು 1995ರಲ್ಲಿ ಗುರುತಿಸಿದ್ದಾರೆ, ಅಂಥ ಮನೆತನದವರಿಗೆ ಬೇರೆ ಪರೀಕ್ಷೆಯೇ ಇದೆ. ಮೂರನೆಯದು, ಕ್ಯಾನ್ಸರ್ ಸಂಶಯ ಇದ್ದರೆ ಮೊದಲ ಆಪರೇಷನ್ನೇ ಅದನ್ನು ಬಲ್ಲ ಸರ್ಜನ್ ಕೈಯಲ್ಲಿ ಆಗಬೇಕು. ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ ಇದೆ, ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಇದೆ, ಅದರದೇ ಕಲಬುರಗಿ ಕೇಂದ್ರ ಇದೆ.

ರೊಕ್ಕದ ಚಿಂತೆ ಇದ್ದೇ ಇರುತ್ತದೆ. ಸಹಕಾರ ಸಂಘದ ಸದಸ್ಯರಿಗಾಗಿ 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆ 2018ರಲ್ಲಿ ನಿಂತು, 2022-23ರಲ್ಲಿ ಮತ್ತೆ ಶುರುವಾಗಿದೆ. ಬಡತನ ರೇಖೆಯ ಕೆಳಗಿನವರಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಇದೆ. ಯಾವುದರಲ್ಲಿ ಯಾವ ಚಿಕಿತ್ಸೆ ಸಿಗುತ್ತದೆ ಎಂಬುದನ್ನು ರೋಗ ಬರುವ ಮೊದಲೇ ತಿಳಿದು ಸದಸ್ಯರಿಗೆ ತಿಳಿಸಬೇಕೆಂದು ಕಾರ್ಯದರ್ಶಿಗಳಲ್ಲಿ ವಿನಂತಿ.

ಗಂಡಸರಿಗೂ ಒಂದು ಮಾತು. ಎತ್ತು ಒಂದು ಹೊತ್ತು ಮೇವು ಬಿಟ್ಟರೆ ದವಾಖಾನೆಗೆ ಹೊಡೆದುಕೊಂಡು ಹೋಗುತ್ತೀರಿ. ಮನೆಯಾಕೆ ತಿಂಗಳುಗಟ್ಟಲೆ ಅರ್ಧ ರೊಟ್ಟಿಗೇ ಏಳುತ್ತಿದ್ದರೆ ಯಾಕೆ ಅಂತ ಒಮ್ಮೆ ಕೇಳ್ರಿ.

ಸಂಘವು ಸುವರ್ಣ ಮಹೋತ್ಸವವನ್ನೂ ಕಾಣಲಿ, ಆ ದಿನ ಈ ತಾಯಂದಿರೆಲ್ಲ ಇದೇ ಪೆಂಡಾಲಿನಲ್ಲಿ ಕುಂತಿರಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.